ಮೂರನೆಯ ಹಾಳೆ

ಊರಿಗೆ ಊರೇ ಅವಳ ಗೆರೆಗಳನ್ನು ಹೊತ್ತುಕೊಂಡು ತಿರುಗುತ್ತಿತ್ತು. ಅವಳು ಮಾತ್ರ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಳು. ಹಾಲಿನ ಲಾರಿಯ ಬೆನ್ನಿಗೆ ಒಂದು ಕಿವಿ ಇಳಿಬಿಟ್ಟು ನಾಲಿಗೆ ಚಾಚಿದ ಕರು. ಔಷಧಿ ಅಂಗಡಿಗಳ ಬೋರ್ಡಿನ ಮೇಲೆ, ದೊಡ್ಡವರನ್ನು ಕಂಡು ಸೊಂಟ ಬಗ್ಗಿಸಿದ ಹಾಗಿರುವ ಚಮಚ. ಬೂಟಿನ ಅಂಗಡಿಯ ಚೀಲದ ಮೇಲೆ ಲೇಸು ಬಿಚ್ಚಿಹೋದ ಒಂಟಿ ಬೂಟು. ಮೂರನ್ನೂ ಬರೆದವಳು ಅವಳೇ. ಇನ್ನೊಬ್ಬರಾಗಿದ್ದರೆ ಎದೆಯುಬ್ಬಿಸಿಕೊಂಡು ದಾರಿಹೋಕರನ್ನೆಲ್ಲ ನಿಲ್ಲಿಸಿ ತೋರಿಸುತ್ತಿದ್ದರು. ಅವಳಿಗೆ ಅವುಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯುವುದಕ್ಕೆ ಕಾರಣವಿತ್ತು. ಅವಳು ಕೆಲಸ ಮಾಡುತ್ತಿದ್ದ ಡಿಸೈನ್ ಕಚೇರಿಯಲ್ಲಿ ಮೊದಲಿನಿಂದಲೂ ಒಂದು ಪದ್ಧತಿ. ಗಿರಾಕಿ ಬಂದು ತನ್ನ ಕಂಪನಿಗೊಂದು ಲಾಂಛನ ಬೇಕು ಅಂದರೆ ಒಂದನ್ನೇ ಮಾಡಿಕೊಡುವ ಹಾಗಿಲ್ಲ. ಮೂರು ಮಾಡಬೇಕು, ಮೂರು ಹಾಳೆಗಳ ಮೇಲೆ ಪ್ರಿಂಟ್ ತೆಗೆದು ಒಂದಾದ ಮೇಲೊಂದು ಗಿರಾಕಿಯ ಮುಂದಿಡಬೇಕು. ಮೊದಲನೆಯದು ಮನಸ್ಸಿಟ್ಟು ಮಾಡಿದ್ದು. ಎರಡನೆಯದು ಅದರ ತಮ್ಮ, ಅಷ್ಟೇನೂ ಚುರುಕಲ್ಲದವನು. ಮೂರನೆಯದು ಬೇಕೆಂದೇ ಕಾಟಾಚಾರಕ್ಕೆ ಗೀಚಿದ್ದು, ಅದರ ಪಕ್ಕದಲ್ಲಿ ಮೊದಲನೆಯದು ಎದ್ದು ಕಾಣಲಿ ಎಂದು. ಈ ಮೂರನೆಯದಕ್ಕೆ ಕಚೇರಿಯಲ್ಲಿ ಬೆದರುಬೊಂಬೆ ಎಂದು ಹೆಸರು. ಬೆದರುಬೊಂಬೆ ನಿಲ್ಲಿಸುವುದು ಬೆಳೆ ಉಳಿಯಲಿ ಅಂತ ತಾನೆ? ಅವಳ ಹೊಲದಲ್ಲಿ ಮಾತ್ರ ಕಾಗೆಗಳು ಬೆಳೆಯನ್ನು ಮೂಸಿಯೂ ನೋಡದೆ ಬೆದರುಬೊಂಬೆಯನ್ನೇ ಎತ್ತಿಕೊಂಡು ಹೋಗುತ್ತಿದ್ದವು.

ಕರುವೂ ಬೆದರುಬೊಂಬೆಯೇ. ಅದನ್ನು ಅವಳು ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತ ಬರೆದಿದ್ದಳು. ಚಮಚ ಬರೆದ ದಿನ ಅವಳಿಗೆ ನೆಗಡಿ. ಬೂಟನ್ನು ಯಾವಾಗ ಬರೆದಳೋ ಅವಳಿಗೇ ನೆನಪಿಲ್ಲ. ಅವುಗಳ ಅಣ್ಣಂದಿರು, ಅಂದರೆ ವಾರಗಟ್ಟಲೆ ಕೂತು, ಗೆರೆಯ ದಪ್ಪ ತಿದ್ದಿ, ಅಕ್ಷರಗಳ ನಡುವಿನ ಜಾಗವನ್ನು ಅಳೆದು ತೂಗಿ ಮಾಡಿದ ಮೊದಲನೆಯ ಹಾಳೆಗಳು, ಅವಳ ಮನೆಯ ದೊಡ್ಡ ಡ್ರಾಯರಿನಲ್ಲಿ ಬೆಳಕು ಕಾಣದೆ ಮಲಗಿದ್ದವು. ಒಂದೇ ಒಂದಾದರೂ ಹೊರಗೆ ಬಂದು ಗೋಡೆ ಏರಲಿಲ್ಲ. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಎಂದು ಅವಳು ಪ್ರತಿ ಸಲವೂ ಅಂದುಕೊಳ್ಳುವಳು. ಹೀಗೆ ಅಂದುಕೊಂಡೇ ಕೂದಲು ಬೆಳ್ಳಗಾಗತೊಡಗಿತ್ತು.

ಕಚೇರಿಯಲ್ಲಿ ಅವಳಿಗೆ ಕೂದಲೆಳೆ ಎಂಬ ಅಡ್ಡಹೆಸರು. ಕಿರಿಯರು ಮರ್ಯಾದೆ ಸೇರಿಸಿ ಕೂದಲೆಳೆ ಅಕ್ಕ ಅನ್ನುತ್ತಿದ್ದರು. ಯಾರ ಹಾಳೆ ನೋಡಿದರೂ "ಇದು ಕೂದಲೆಳೆಯಷ್ಟು ಎಡಕ್ಕೆ ಹೋಗ್ಬೇಕು" ಅನ್ನುವುದು ಅವಳ ವಾಡಿಕೆ. ಕಾಲೇಜಿನಲ್ಲಿ ಅವಳ ಮೇಷ್ಟ್ರು ನಡುಗಿದ ಗೆರೆ ಕಂಡರೆ ಹಾಳೆಯನ್ನೇ ಹರಿದುಹಾಕುತ್ತಿದ್ದರು. ಆ ಹೆದರಿಕೆ ಅವಳ ಬೆರಳಿನಿಂದ ಇಳಿದೇ ಇರಲಿಲ್ಲ.

ಕಚೇರಿಯ ಯಜಮಾನ ಅವಳ ಕಾಲೇಜಿನ ಗೆಳೆಯ. ಗೆರೆ ಎಳೆಯಲು ಬಾರದವನು, ಆದರೆ ಕಲ್ಲಿನಿಂದಲೂ ಹೂಂ ಅನ್ನಿಸುವವನು. ಮಾತಿನಮಲ್ಲ ಎಂದು ಕಾಲೇಜಿನಲ್ಲಿ ಇಟ್ಟ ಹೆಸರು ಸವೆದು ಸವೆದು ಈಗ ಬರೀ ಮಲ್ಲ. ಕಚೇರಿ ತೆರೆದಾಗ ಇದ್ದದ್ದು ಒಂದು ಕೋಣೆ, ಎರಡು ಕುರ್ಚಿ, ಇವರಿಬ್ಬರು. ಬೆದರುಬೊಂಬೆಯ ಪದ್ಧತಿ ತಂದವನೂ ಅವನೇ. "ನೀನು ಮಾಡು, ನಾನು ಮಾರ್ತೀನಿ" ಎಂಬುದು ಅವರಿಬ್ಬರ ಒಪ್ಪಂದ. ಗಿರಾಕಿಯ ಮುಂದೆ ಬಾಯಿ ಬಿಡುವವನು ಅವನೊಬ್ಬನೇ. ಅವಳು ಪಕ್ಕದಲ್ಲಿ ಕೂತು ನೀರು ಕುಡಿಯುತ್ತಿದ್ದಳು.

ಅವಳು ಮೂರು ಹಾಳೆ ತಂದುಕೊಟ್ಟಾಗ ಮಲ್ಲ ನೋಡುವ ರೀತಿಯೂ ಎಂದೂ ಬದಲಾಗಿರಲಿಲ್ಲ. ಮೊದಲನೆಯದನ್ನು ಕಣ್ಣಿಗೆ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡು, "ಚೆನ್ನಾಗಿದೆ" ಅನ್ನುವನು. ಮೂರನೆಯದನ್ನು ನೋಡಿ ಫಕ್ಕನೆ ನಕ್ಕು, "ಹೋಗೇ, ಇದೇನೇ ಇದು!" ಎಂದು ಪಕ್ಕಕ್ಕೆ ಹಾಕುವನು. ಆ ಚೆನ್ನಾಗಿದೆ ಎಂಬ ಒಂದು ಮಾತನ್ನು ಅವಳು ಗಂಟು ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದಳು. ಲೋಕಕ್ಕೆ ಗೊತ್ತಿಲ್ಲದಿದ್ದರೂ ಇವನಿಗೊಬ್ಬನಿಗೆ ಗೊತ್ತಲ್ಲ ಎಂಬುದೇ ಅವಳ ಸಮಾಧಾನ.

ಮನೆಯಲ್ಲಿ ಇದ್ದದ್ದು ಅಮ್ಮ. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಅಮ್ಮನಿಗೆ ಒಂದು ಹುಚ್ಚು: ಮಗಳು ಬರೆದ ಚಿತ್ರವಿರುವ ಚೀಲ, ಡಬ್ಬಿ, ಹಾಲಿನ ಕವರು ಯಾವುದನ್ನೂ ಬಿಸಾಡುತ್ತಿರಲಿಲ್ಲ. ತೊಳೆದು, ಒಣಗಿಸಿ, ಮಡಿಸಿ, ಹಾಸಿಗೆಯ ಕೆಳಗಿಡುವಳು. ಮನೆಗೆ ಬಂದವರಿಗೆಲ್ಲ ಆ ಕರುವನ್ನು ತೋರಿಸಿ, "ನೋಡಿ, ಮೊದಲು ಇದು ನಿಮ್ಮನ್ನ ನೋಡುತ್ತೆ, ಆಮೇಲೆ ನೀವು ಇದನ್ನ ನೋಡ್ತೀರ" ಅನ್ನುವಳು. "ಸಾಕು ಬಿಡಮ್ಮ, ಅದೇನು ದೊಡ್ಡ ಘನಕಾರ್ಯ" ಎಂದು ಮಗಳು ಗೊಣಗುವಳು. ಅವು ತಿರಸ್ಕಾರಕ್ಕೆಂದೇ ಹೆತ್ತ ಕೂಸುಗಳು ಎಂದು ಅಮ್ಮನಿಗೆ ಹೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಹೀಗಿರುವಾಗ ಗ್ರಂಥಾಲಯದ ಕೆಲಸ ಬಂತು. ಅವಳು ಚಿಕ್ಕವಳಿದ್ದಾಗ ಪ್ರತಿ ಭಾನುವಾರ ಅಪ್ಪನ ಕೈ ಹಿಡಿದು ಹೋಗುತ್ತಿದ್ದ ಅದೇ ಗ್ರಂಥಾಲಯ. ಹಳೆಯ ಕಟ್ಟಡವನ್ನು ರಿಪೇರಿ ಮಾಡಿಸಿ, ಬಾಗಿಲಿನ ಮೇಲೆ ಹೊಸ ಲಾಂಛನ ಕೆತ್ತಿಸಬೇಕೆಂದು ಆಡಳಿತದವರು ತೀರ್ಮಾನಿಸಿದ್ದರು. ಕೆತ್ತಿಸುವುದು ಕಲ್ಲಿನಲ್ಲಿ. ಪ್ಲಾಸ್ಟಿಕ್ ಚೀಲದಲ್ಲಲ್ಲ, ಲಾರಿಯ ಬೆನ್ನಿನಲ್ಲಲ್ಲ. ಸುದ್ದಿ ಕೇಳಿದ ದಿನ ಅವಳಿಗೆ ಅನ್ನ ಸೇರಲಿಲ್ಲ. ಇಷ್ಟು ಕಾಲದ ದುಡಿಮೆಗೆ ತನ್ನದು ಎಂದು ಹೇಳಿಕೊಳ್ಳುವ ಒಂದು ಮೊದಲನೆಯ ಹಾಳೆ ಈ ಊರಿನಲ್ಲಿ ನಿಲ್ಲುವುದಿದ್ದರೆ ಅದು ಇದೇ. ಇದೂ ಕೈತಪ್ಪಿದರೆ ಮುಂದೆ ಇಂಥದ್ದು ಬರುವುದಿಲ್ಲ.

ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಗ್ರಂಥಾಲಯದ ಕಮಾನಿನ ಕಿಟಕಿಯನ್ನು ತೆಗೆದುಕೊಂಡು, ಅದರ ಒಂದೊಂದು ಗೆರೆಯೂ ಪುಸ್ತಕದ ಒಂದೊಂದು ಪುಟದ ಅಂಚಾಗಿ, ಹೊರಗಿನಿಂದ ಒಳಕ್ಕೆ ಹೋಗುತ್ತ ಹೋಗುತ್ತ ತೆಳುವಾಗಿ, ಕೊನೆಗೆ ನಡುವೆ ಒಂದು ಚೂರು ಬಿಳಿ ಉಳಿಯುವ ಹಾಗೆ ಮಾಡಿದಳು. ಮಾಡಿ ಅಳಿಸಿದಳು, ಅಳಿಸಿ ಮಾಡಿದಳು. ಅಮ್ಮನಿಗೆ ತೋರಿಸಿದಳು. ಅಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಎಷ್ಟು ಕಷ್ಟಪಟ್ಟಿದ್ದೀಯೇ!" ಅಂದಳು ಅಮ್ಮ.

ಮಗಳಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ಇನ್ನು ಉಳಿದದ್ದು ಕಾಗೆಗಳ ಸಮಸ್ಯೆ. ಈ ಸಲ ಅವಳು ಒಂದು ಉಪಾಯ ಹೂಡಿದಳು. ಗಿರಾಕಿಗಳು ಹೇಗಿದ್ದರೂ ಮೂರನೆಯ ಹಾಳೆಗೇ ಕೈ ಹಾಕುತ್ತಾರೆ. ಕೊನೆಗೆ ನೋಡಿದ್ದೇ ಕಣ್ಣಲ್ಲಿ ಉಳಿಯುತ್ತದೋ ಏನೋ. ಹಾಗಾದರೆ ಬೆಳೆಯನ್ನೇ ಮೂರನೆಯ ಜಾಗದಲ್ಲಿ ನಿಲ್ಲಿಸಿದರಾಯಿತು! ಕಮಾನನ್ನು ಮೂರನೆಯದು ಮಾಡಿದಳು. ಬೆದರುಬೊಂಬೆಯನ್ನು ಮೊದಲಿಗೆ ಹಾಕಲು ಊಟದ ಬಿಡುವಿನಲ್ಲಿ ಏನೋ ಒಂದನ್ನು ಗೀಚಿದಳು: ಬೋರಲು ಬಿದ್ದ ಒಂದು ಪುಸ್ತಕ, ಮನೆಯ ಸೂರಿನ ಹಾಗೆ, ಅದರ ಕೆಳಗಿನಿಂದ ಹೊರಗೆ ಚಾಚಿದ ಎರಡು ಪಾದ. ಓದುತ್ತ ಓದುತ್ತ ಮುಖದ ಮೇಲೆ ಪುಸ್ತಕ ಮುಚ್ಚಿಕೊಂಡು ಯಾರೋ ನಿದ್ದೆ ಹೋಗಿದ್ದಾರೆ. ತಲೆಯಿಂದ ಪಾದಕ್ಕೆ ನಡುವೆ ಮೈಯೇ ಇಲ್ಲ, ಅಳತೆಯ ಮಾತಂತೂ ಕೇಳಲೇಬೇಡಿ. ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದು. ತಿದ್ದುವ ಗೋಜಿಗೇ ಹೋಗದೆ ಪ್ರಿಂಟ್ ಕೊಟ್ಟಳು. ಮಲ್ಲನಿಗೆ ಮೊದಲೇ ತೋರಿಸದೆ, ಹೊರಡುವ ಹೊತ್ತಿಗೆ ಫೈಲನ್ನು ಅವನ ಕೈಗಿಟ್ಟಳು.

ಗ್ರಂಥಾಲಯದ ಮಹಡಿಯ ಮೇಲೆ ಓದುವ ಕೋಣೆ. ಉದ್ದನೆಯ ಮೇಜು, ಗೋಂದಿನ ವಾಸನೆ, ಕಿಟಕಿಯ ಬಿಸಿಲಿನಲ್ಲಿ ತೇಲುವ ಧೂಳು. ಆಡಳಿತ ಸಮಿತಿಯ ಅಧ್ಯಕ್ಷೆ ನಿವೃತ್ತ ಶಾಲಾ ಟೀಚರು. ಅವರನ್ನು ಎಲ್ಲರೂ ಟೀಚರಮ್ಮ ಎಂದೇ ಕರೆಯುತ್ತಿದ್ದರು. ಪಕ್ಕದಲ್ಲಿ ಸಮಿತಿಯ ಇಬ್ಬರು, ಟೀಚರಮ್ಮ ತಲೆಯಾಡಿಸಿದಾಗ ತಲೆಯಾಡಿಸಲು ಬಂದವರು.

ಮಲ್ಲ ಫೈಲು ತೆರೆದು ಮೊದಲನೆಯ ಹಾಳೆ ಎತ್ತಿದ. ಎತ್ತಿದ ಕೈ ನಿಂತಿತು. ಪಾದಗಳನ್ನು ನೋಡಿದ. ಅವಳ ಕಡೆ ಒಮ್ಮೆ ತಿರುಗಿದ. ಆಮೇಲೆ ಏನೂ ಆಗಿಲ್ಲವೆಂಬಂತೆ ಆ ಹಾಳೆಯನ್ನು ಫೈಲಿನ ಅಡಿಗೆ ತಳ್ಳಿ, ಎರಡನೆಯದನ್ನು ಮೇಜಿನ ಮೇಲಿಟ್ಟ.

ಎರಡನೆಯದಾದ ಮೇಲೆ ಕಮಾನು ಬಂತು. ಮಲ್ಲ ಅದನ್ನು ಹೊಗಳಿದ್ದೇ ಹೊಗಳಿದ್ದು. ಗೆರೆಗಳ ಲೆಕ್ಕಾಚಾರ, ಕಟ್ಟಡದ ಇತಿಹಾಸ, ಪುಟಗಳ ಅರ್ಥ, ನಡುವಿನ ಬಿಳಿಯ ಒಳಗುಟ್ಟು. "ನಮ್ಮ ಕಚೇರಿಯಿಂದ ಇಂಥ ಕೆಲಸ ಇನ್ನೊಂದು ಬಂದಿಲ್ಲ, ಮೇಡಂ" ಅಂದ. ಟೀಚರಮ್ಮ ಗೌರವದಿಂದ ಕೇಳಿಸಿಕೊಂಡರು. ಬೆನ್ನು ನೆಟ್ಟಗೆ ಮಾಡಿಕೊಂಡು, ಪರೀಕ್ಷೆಗೆ ಕೂತವರ ಹಾಗೆ ಕೇಳಿಸಿಕೊಂಡರು.

ಮಲ್ಲ ಫೈಲು ಮುಚ್ಚಿದ. ಮುಚ್ಚಿ, "ಇನ್ನೊಂದಿತ್ತು. ಬೇಡ ಬಿಡಿ" ಅಂದ.

"ಯಾಕೆ, ತೋರ್ಸಿ."

"ಅಯ್ಯೋ, ಅದನ್ನ ಸುಮ್ನೆ ಸೇರಿಸಿದ್ವಿ ಮೇಡಂ. ನಿಮ್ಮಂಥವರಿಗೆ ತೋರಿಸೋ ಅಂಥದ್ದಲ್ಲ."

ಸುಮ್ಮನೆ ಸೇರಿಸಿದ್ದು. ಈ ಮಾತನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಹಾಲಿನವರ ಮುಂದೆ, ಔಷಧಿಯವರ ಮುಂದೆ, ಬೂಟಿನವರ ಮುಂದೆ. ಬೆದರುಬೊಂಬೆಯನ್ನು ಹೀಗಳೆಯಲು ಹೇಳುವ ಮಾತು ಅಂತಲೇ ಇಷ್ಟು ಕಾಲ ತಿಳಿದಿದ್ದಳು. ಇವತ್ತು ಮೊದಲ ಸಲ ಆ ಮಾತು ಹೇಳುವಾಗಿನ ಅವನ ಮುಖ ನೋಡಿದಳು. ಗಾಳ ಹಾಕಿ ಕೂತವನು ದಾರ ಅಲುಗಿದಾಗ ನೋಡುವ ಹಾಗಿತ್ತು ಆ ಮುಖ.

ಟೀಚರಮ್ಮ ತಾವೇ ಕೈಚಾಚಿ ಫೈಲು ಎಳೆದುಕೊಂಡರು. ಪಾದಗಳನ್ನು ಕಂಡದ್ದೇ ತಡ, ಅವರ ನೆಟ್ಟಗಿದ್ದ ಬೆನ್ನು ಸಡಿಲವಾಯಿತು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. "ಇಲ್ಲಿಗೆ ಬರೋವ್ರು ಹಿಂಗೇ ಕಣ್ರೀ ಇರೋದು! ಆ ಕಿಟಕಿ ಚಿತ್ರ ಇದೆಯಲ್ಲ, ಅದ್ರ ಮುಂದೆ ನಾನು ಸೆರಗು ಸರಿಮಾಡ್ಕೊಂಡು ನಿಂತ್ಕೋಬೇಕು. ಇದ್ರ ಮುಂದೆ ಚಪ್ಪಲಿ ಬಿಟ್ಟು ಕೂತ್ಕೋಬಹುದು. ಇದೇ ಇರ್ಲಿ."

ಇಬ್ಬರೂ ತಲೆಯಾಡಿಸಿದರು.

ಮೆಟ್ಟಿಲಿಳಿಯುವಾಗ ಅವಳು ನಡುವಿನಲ್ಲೇ ನಿಂತುಬಿಟ್ಟಳು. ಮಲ್ಲ ಎರಡು ಮೆಟ್ಟಿಲು ಕೆಳಗಿದ್ದವನು ತಿರುಗಿ ನೋಡಿದ.

"ಹಾಳೆ ಯಾಕೋ ಅಡಿಗೆ ಹಾಕ್ದೆ?" ಅಂದಳು.

"ಅದು ಮೂರನೇದು ತಾನೆ? ಮೂರನೇದು ಕೊನೇಲೇ ಬರ್ಬೇಕು."

"ಮೂರನೇದು ಕಮಾನು. ನಾನೇ ಹಾಗೆ ಜೋಡಿಸಿದ್ದೆ."

ಅವನು ಫೈಲನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದ. ಮಾತಿನಮಲ್ಲ ಮಾತು ಹುಡುಕುವುದನ್ನು ಅವಳು ಅಲ್ಲಿಯತನಕ ಕಂಡಿರಲಿಲ್ಲ. ಅಷ್ಟರಲ್ಲೇ ಅವಳಿಗೆ ಎಲ್ಲ ಗೊತ್ತಾಗಿಹೋಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ನಿಂಗೆ ಗೊತ್ತಿತ್ತು" ಅಂದಳು. "ಮೊದಲಿಂದ್ಲೂ. ಮೊದಲನೇದನ್ನ ಹೊಗಳಿ ಹೊಗಳಿ ಸಾಯಿಸ್ತಿದ್ದೆ, ಮೂರನೇದನ್ನ ಬೈದು ಮಾರ್ತಿದ್ದೆ."

"ಮೆತ್ತಗೆ ಮಾತಾಡೇ, ಮೇಲಿನವರಿಗೆ ಕೇಳಿಸುತ್ತೆ."

"ಕೇಳಿಸ್ಲಿ!"

ಮಲ್ಲ ಮೆಟ್ಟಿಲ ಕಂಬಿ ಹಿಡಿದು ಮೇಲಕ್ಕೆ ಬಂದ. "ನೋಡು, ಕಾಲೇಜಲ್ಲಿ ನಿನ್ನ ನೋಟ್‌ಬುಕ್ಕಿನ ಅಂಚಲ್ಲಿ ಗೀಚಿರ್ತಿದ್ಯಲ್ಲ, ಅದನ್ನ ನೋಡೇ ನಿನ್ನ ಜೊತೆ ಕಚೇರಿ ತೆಗೀಬೇಕು ಅನ್ಸಿದ್ದು. ಹಾಳೆ ಮೇಲೆ ಮನಸ್ಸಿಟ್ಟು ಕೂತ್ರೆ ನಿನ್ನ ಕೈ ಮರಗಟ್ಟುತ್ತೆ. ನಾನೇನ್ ಮಾಡ್ಲಿ? ಕೆಟ್ಟದಾಗಿ ಮಾಡು ಅಂದ್ರೆ ಮಾತ್ರ ನೀನು ಚೆನ್ನಾಗಿ ಮಾಡ್ತೀಯ. ಅದಕ್ಕೇ ಆ ಬೆದರುಬೊಂಬೆ ಕಥೆ ಕಟ್ಟಿದ್ದು."

"ಒಂದು ಮಾತು ಹೇಳ್ಬಹುದಿತ್ತು."

"ಹೇಳಿದ್ರೆ ಅದನ್ನೂ ಕಷ್ಟಪಟ್ಟು ಮಾಡ್ತಿದ್ದೆ. ನಮ್ಮೆಲ್ಲರ ಹೊಟ್ಟೆ ತುಂಬಿದ್ದು ಯಾವುದ್ರಿಂದ ಅಂದ್ಕೊಂಡೆ? ಇಡೀ ಊರು ನಿನ್ನ ಕೆಲಸ ನೋಡಿ ನಗ್ತಾ ಓಡಾಡುತ್ತೆ. ಇನ್ನೇನ್ ಬೇಕಾಗಿತ್ತು ನಿಂಗೆ?"

"ಅದು ನನ್ನದು ಅಂತ ನಂಗೆ ಗೊತ್ತಾಗ್ಬೇಕಿತ್ತು ಕಣೋ" ಅಂದಳು. ಕೆಟ್ಟದ್ದೆಂದು ತಾನು ಮುಖ ತಿರುಗಿಸಿದ್ದೇ ತನ್ನ ಒಳ್ಳೆಯ ಕೆಲಸ. ಒಳ್ಳೆಯದೆಂದು ಡ್ರಾಯರಿನಲ್ಲಿ ಕಾಪಾಡಿದ್ದು, ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅದು. ಕತ್ತೆ ಕಸ್ತೂರಿ ಅಂತ ಊರಿಗೆಲ್ಲ ಬೈದದ್ದಾಯಿತು. ಕಸ್ತೂರಿ ಎಲ್ಲಿದೆ ಎಂದು ಗೊತ್ತಿಲ್ಲದ ಕತ್ತೆ ಊರಿನಲ್ಲಿ ಒಂದೇ ಇತ್ತು. ಒಂದು ಆಯುಷ್ಯದ ಸಂತೋಷ ಬೀದಿಯಲ್ಲೇ ಬಿದ್ದಿತ್ತು, ಅದನ್ನು ತುಳಿದುಕೊಂಡು ಓಡಾಡಿದಳು. ಅವನ ಮೇಲೆ ಕೈಯೆತ್ತುವಷ್ಟು ಸಿಟ್ಟು ಬಂತು. ಕೈಯೆತ್ತಲಿಲ್ಲ, ಅವನನ್ನು ದಾಟಿಕೊಂಡು ಕೆಳಗಿಳಿದಳು.

ಕೆಲವು ತಿಂಗಳಿಗೆ ಗ್ರಂಥಾಲಯದ ಬಾಗಿಲಿನ ಮೇಲೆ ಪಾದಗಳು ಕಲ್ಲಾಗಿ ನಿಂತವು. ಅಮ್ಮ ಹಟ ಹಿಡಿದಳು, ಕರೆದುಕೊಂಡು ಹೋಗು ಎಂದು. ಬಾಗಿಲೆದುರು ಆಟೋದಿಂದ ಇಳಿದು, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಮೇಲೆ ನೋಡಿದಳು. ನೋಡಿದವಳು ಮಗಳ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ನಿಮ್ಮಪ್ಪ ಅಲ್ವೇನೇ ಇದು!"

"ಯಾವಪ್ಪ?"

"ಇನ್ಯಾವಪ್ಪ, ನಿಮ್ಮಪ್ಪ! ಭಾನುವಾರ ನಿನ್ನ ಇಲ್ಲಿಗೆ ಕರ್ಕೊಂಡು ಬಂದು, ನೀನು ಓದ್ತಾ ಇದ್ರೆ ಅವ್ರು ಆ ಮೂಲೆ ಬೆಂಚಲ್ಲಿ ಮುಖದ ಮೇಲೆ ಪುಸ್ತಕ ಹಾಕ್ಕೊಂಡು ಮಲಗಿರ್ತಿದ್ರಲ್ಲ! ಮನೆಗೆ ಬಂದು ನೀನೇ ಹೇಳ್ತಿದ್ದೆ. ಎಡಗಾಲು ಊದಿಕೊಂಡು ದಪ್ಪಗಿತ್ತು, ಅದನ್ನೂ ಹಾಗೇ ಬರ್ದಿದ್ದೀಯ. ಎಷ್ಟು ನೆನಪಿಟ್ಕೊಂಡಿದ್ದೀಯೇ ನನ್ ಕಂದ."

ಅವಳಿಗೆ ನೆನಪಿರಲಿಲ್ಲ. ಕೈಗೆ ನೆನಪಿತ್ತು. ತಾನು ಅಪ್ಪನನ್ನು ಬೆದರುಬೊಂಬೆ ಮಾಡಿ ನಿಲ್ಲಿಸಿದ್ದೆ ಎಂದು ಅಮ್ಮನಿಗೆ ಹೇಗೆ ಹೇಳುವುದು? "ಹೂಂ ಅಮ್ಮ, ಅಪ್ಪನೇ" ಅಂದಳು. ಅಮ್ಮ ಅಲ್ಲೇ ನಿಂತು, ಹೋಗಿ ಬರುವವರಿಗೆಲ್ಲ ತೋರಿಸಿದಳು. ಅವಳು ಈ ಸಲ ತಲೆ ತಗ್ಗಿಸಲಿಲ್ಲ, ಆದರೆ ನೋಡುವುದಕ್ಕೂ ಆಗಲಿಲ್ಲ.

ಕಚೇರಿ ಬಿಟ್ಟಳೇ? ಬಿಡಲಿಲ್ಲ. ಈ ವಯಸ್ಸಿನಲ್ಲಿ ಬಿಟ್ಟು ಹೋಗುವುದೆಲ್ಲಿಗೆ? ಮಲ್ಲನ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತು, ಅಷ್ಟೇ. ಅವಳ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಹೋದದ್ದು ಹೋಯಿತು, ಇನ್ನಾದರೂ ತನ್ನ ಒಳ್ಳೆಯ ಕೈ ಯಾವುದೆಂದು ತಿಳಿಯಿತಲ್ಲ. ಇನ್ನು ಮುಂದೆ ಬರೆಯುವುದನ್ನು ನನ್ನದು ಎಂದು ತಿಳಿದೇ ಬರೆಯುತ್ತೇನೆ, ಬೀದಿಯಲ್ಲಿ ಕಂಡಾಗ ನಿಂತು ನೋಡುತ್ತೇನೆ ಎಂದುಕೊಂಡಳು.

ಬೀಗ ಮಾಡುವ ಕಂಪನಿಯೊಂದು ಬಂತು. ಮೊದಲೆರಡು ಹಾಳೆಗಳನ್ನು ಬೇಗ ಮುಗಿಸಿ, ಮೂರನೆಯದಕ್ಕೆಂದು ಒಳ್ಳೆಯ ಕಾಗದ ತೆಗೆದು, ಪೆನ್ಸಿಲು ಚೂಪು ಮಾಡಿ ಕೂತಳು. ಮೊದಲು ಒಂದು ಬೀಗ ಬರೆದಳು, ನಿದ್ದೆಗಣ್ಣಿನದು. ಚೆನ್ನಾಗಿದೆಯೇ? ನಗು ಬರುತ್ತದೆಯೇ? ಕಣ್ಣು ತುಸು ಓರೆ ಮಾಡಿದಳು. ಕರುವಿನ ಕಿವಿ ಹೇಗೆ ಇಳಿದಿತ್ತು ಎಂದು ನೆನೆಸಿಕೊಂಡು ಬೀಗದ ಕೊಂಡಿಯನ್ನೂ ಹಾಗೇ ಇಳಿಸಿದಳು. ಅದು ಇಳಿಬಿದ್ದ ಹಾಗೆ ಕಾಣಲಿಲ್ಲ, ಇಳಿಸಿದ ಹಾಗೆ ಕಂಡಿತು. ಅಳಿಸಿದಳು. ಫೋನಿನಲ್ಲಿ ಮಾತಾಡುತ್ತ ಬರೆದರೆ ಬಂದೀತೆಂದು ಅಮ್ಮನಿಗೆ ಫೋನು ಮಾಡಿದಳು; ಅಮ್ಮ ಏನೋ ಹೇಳುತ್ತಿದ್ದಳು, ಇವಳ ಗಮನವೆಲ್ಲ ಪೆನ್ಸಿಲಿನ ಮೇಲೆ. ಎಡಗೈಯಲ್ಲಿ ಬರೆದು ನೋಡಿದಳು. ಕಾಟಾಚಾರಕ್ಕೆ ಮಾಡುವುದನ್ನು ಕಾಟಾಚಾರಕ್ಕೆ ಮಾಡಲು ಬಾರದೆ ವಾರ ಕಳೆಯಿತು. ಕೊನೆಗೆ ಒಂದು ಹಾಳೆ ಸಿದ್ಧವಾಯಿತು. ಕೊಂಡಿಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿ ಪ್ರಿಂಟ್ ಕೊಟ್ಟಳು.

ಮೂರೂ ಹಾಳೆಗಳನ್ನು ತಂದು ಮಲ್ಲನ ಮೇಜಿನ ಮೇಲಿಟ್ಟು ಎದುರಿಗೆ ನಿಂತಳು. ಮಲ್ಲ ಮೊದಲನೆಯದನ್ನು ನೋಡಿದ, ಎರಡನೆಯದನ್ನು ನೋಡಿದ. ಮೂರನೆಯದನ್ನು ಎತ್ತಿದಾಗ ಅವಳು ಅವನ ಬಾಯನ್ನೇ ನೋಡಿದಳು. ಹೋಗೇ, ಇದೇನೇ ಇದು ಅನ್ನಲಿ ದೇವರೇ, ಒಂದು ಸಲ ಅನ್ನಲಿ.

ಮಲ್ಲ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದ. ಗಂಟಲು ಸರಿಮಾಡಿಕೊಂಡ.

"ಚೆನ್ನಾಗಿದೆ" ಅಂದ.